ಎದುರು ಬಾಗಿಲ ಅಕ್ಕ

ಸತ್ತವರ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕು ಎನ್ನುತ್ತಾರೆ. ಆಡುತ್ತೇನೆ. ಮೊನ್ನೆ ಮಸ್ಕಿಯಲ್ಲಿ ತೀರಿಕೊಂಡ ನಮ್ಮ ಖಾನಾವಳಿ ಅಕ್ಕ ಸೇಡಿನ ಹೆಂಗಸು. ಇದಕ್ಕಿಂತ ಒಳ್ಳೆಯ ಮಾತು ಆಕೆಯ ಬಗ್ಗೆ ನನಗೆ ಹೊಳೆಯುತ್ತಿಲ್ಲ. ಮಣ್ಣಿಗೆ ಬಂದವರು ‘ಅನ್ನಪೂರ್ಣೆ’ ಎಂದರು, ‘ತಾಯಿಯಂಥಾಕಿ’ ಎಂದರು, ಸುಮ್ಮನೆ ಕೇಳಿಸಿಕೊಂಡೆ. ‘ಎಲ್ಲಾರನ್ನೂ ಕ್ಷಮಾ ಮಾಡಿದಾಕಿ’ ಎಂದು ಯಾರೋ ಅಂದಾಗ ಮಾತ್ರ ನನಗೆ ಮೈಯೆಲ್ಲ ಉರಿಯಿತು. ಕ್ಷಮೆಯಂತೆ! ಉಪ್ಪು ಕಡಿಮೆಯೆಂದು ಒಂದು ದಿನ ತಾಟು ತಳ್ಳಿ ಎದ್ದುಹೋದ ಬಸ್ ಕಂಡಕ್ಟರನಿಗೆ, ಅವನು ಬೇರೆ ಡಿಪೋಕ್ಕೆ ವರ್ಗವಾಗಿ ಹೋಗುವತನಕ, ಪಲ್ಯದ ಪಕ್ಕದಲ್ಲಿ ಒಂದು ಹಿಡಿ ಉಪ್ಪನ್ನು ಬೇರೆಯಾಗಿ ಬಡಿಸಿದವಳು ಆಕೆ. ‘ಉಪ್ಪ ತಿಂದಾಂವ ನೀರ ಕುಡೀಬೇಕು’ ಎನ್ನುತ್ತಾ ನೀರಿನ ತಂಬಿಗೆಯನ್ನು ಅವನ ಕೈಗೆ ಎಟುಕದಷ್ಟು ದೂರ ಇಡುತ್ತಿದ್ದಳು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ನಾನು ಮಸ್ಕಿಯ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಬಂದೆ. ಗಂಡನನ್ನು ಬಿಟ್ಟು ಬಂದ ಹೆಂಗಸಿಗೆ ಬಾಡಿಗೆ ಮನೆ ಕೊಡಲು ಊರು ಹಿಂದೆ ಮುಂದೆ ನೋಡಿತು. ನನಗೂ ಒಂದು ಮನೆಯವರು ಬಾಗಿಲು ಹಾಕಿದ್ದರು, ಅದರ ಕತೆ ಇಲ್ಲಿ ಬೇಡ. ಕೊನೆಗೆ ಜಾಗ ಕೊಟ್ಟವಳು ಒಬ್ಬ ಬಳೆಗಾರ ಮುದುಕಿ. ಅವಳ ಮನೆಯ ಹಿಂದಿನ ಕೋಣೆ ನನಗೆ. ಬೀದಿಗೆ ತೆರೆದ ಮುಂದಿನ ಕೋಣೆಯಲ್ಲಿ ಅಕ್ಕನ ಖಾನಾವಳಿ. ಅದರ ಮುಂದೊಂದು ಕಲ್ಲಿನ ಕಟ್ಟೆ.

ಮೊದಲ ದಿನವೇ ಒಂದು ವಿಚಿತ್ರ ಕಂಡೆ. ಅಕ್ಕ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು, ಆದರೆ ರೊಟ್ಟಿಯ ಕಡೆ ನೋಡುತ್ತಿರಲಿಲ್ಲ. ಒಣಗಿದ ಮೈ, ಅದಕ್ಕೆ ಹೊಂದದಂಥ ದೊಡ್ಡ ಅಂಗೈಗಳು. ಅವು ತಮ್ಮ ಪಾಡಿಗೆ ತಾವು ಬಡಿಯುತ್ತಿದ್ದವು. ಕಣ್ಣು ಮಾತ್ರ ಬೀದಿಯಾಚೆ ಎದುರುಮನೆಯ ಬಾಗಿಲ ಮೇಲೆ. ಹಿತ್ತಾಳೆ ಮೊಳೆ ಹೊಡೆದ, ಇಬ್ಬರು ಕೂಡಿ ದೂಡಬೇಕಾದಂಥ ದೊಡ್ಡ ಸಾಗವಾನಿ ಬಾಗಿಲು. ಮುಚ್ಚಿತ್ತು.

‘ರೊಟ್ಟಿ ನೋಡದ ಬಡೀತೀಯಲ್ಲ ಅಕ್ಕ?’ ಎಂದೆ.

‘ರೊಟ್ಟಿ ಎಲ್ಲಿ ಓಡಿ ಹೋಗ್ತೈತಿ? ಆ ಬಾಗಲಾ ನೋಡಾಕತ್ತೀನಿ. ಅದು ನಾ ನೋಡಲಾರದಾಗ ತೆಗದುಬಿಟ್ರ?’

ಕತೆಯನ್ನು ಆಮೇಲೆ ಮುದುಕಿ ಹೇಳಿದಳು. ಆ ಬಾಗಿಲು ಅಕ್ಕನ ಬಾವನದು, ಅಂದರೆ ಗಂಡನ ಅಣ್ಣನದು. ಆತ ರೈತರ ಕಾಳುಕಡಿ ಮಾರಿಸಿಕೊಡುವ ಅಡತಿ ಅಂಗಡಿಯ ಸಾಹುಕಾರ. ಜವಳಗೇರಾದ ಹತ್ತಿರ ಕಾಲುವೆ ನೀರಿನ ಗದ್ದೆಗಳಿದ್ದವು, ಅವನ್ನು ಮಾಡುತ್ತಿದ್ದವನು ತಮ್ಮ, ಅಕ್ಕನ ಗಂಡ. ನಾನು ಬರುವುದಕ್ಕೆ ಕೆಲವು ವರ್ಷ ಮೊದಲು, ಒಂದು ಮಧ್ಯಾಹ್ನ ಆತ ಭತ್ತಕ್ಕೆ ಹುಳ ಕೊಲ್ಲುವ ಎಣ್ಣೆ ಹೊಡೆಯುತ್ತಿದ್ದಾಗ ಗಾಳಿ ತಿರುಗಿತು. ಮೂಗುಬಾಯಿಗೆಲ್ಲ ವಿಷ ಹೋಗಿ ಅಲ್ಲೇ ಬಿದ್ದ. ಟ್ರ್ಯಾಕ್ಟರಿನಲ್ಲಿ ಸಿಂಧನೂರು ದವಾಖಾನೆಗೆ ಒಯ್ದರು. ಬದುಕಲಿಲ್ಲ. ಮರುದಿನ ಬೆಳಿಗ್ಗೆ ಅದೇ ಟ್ರ್ಯಾಕ್ಟರು ಹೆಣವನ್ನು ಮಸ್ಕಿಗೆ ತಂದಿತು.

ನಮ್ಮ ಕಡೆ ಸತ್ತವರನ್ನು ಮಲಗಿಸುವುದಿಲ್ಲ. ಪಡಸಾಲೆಯ ಗೋಡೆಗೆ ಆನಿಸಿ ಕೂರಿಸುತ್ತಾರೆ, ಹಣೆಗೆ ವಿಭೂತಿ ಹಚ್ಚುತ್ತಾರೆ, ಭಜನೆ ಮಾಡುತ್ತಾರೆ. ಆಮೇಲೆ ಬಿದಿರು ಮತ್ತು ಹೂವಿನಿಂದ ಕಟ್ಟಿದ ವಿಮಾನದಲ್ಲಿ ಕೂತಂತೆಯೇ ಒಯ್ಯುತ್ತಾರೆ. ಹೊರಗೆ ಸತ್ತವರನ್ನು ಒಳಗೆ ತರಬಾರದು ಎನ್ನುವವರೂ ಉಂಟು. ಅವರೂ ತಮ್ಮ ಮನೆಯ ಕಟ್ಟೆಯ ಮೇಲಾದರೂ ಕೂರಿಸಿ, ಹಿಂದೆ ಬಾಗಿಲು ತೆರೆದಿಡುತ್ತಾರೆ. ಬಾವ ಅಷ್ಟನ್ನೂ ಮಾಡಲಿಲ್ಲ. ಹೊಸ್ತಿಲ ಮೇಲೆ ನಿಂತು ಕೂಡಿದ ಮಂದಿಗೆ ಹೇಳಿದ:

‘ತಮ್ಮ ನನಗ ಬಾಳ ಕ್ಲೋಸ್ ಇದ್ದ. ಆದರ ಹೊರಗ ಸತ್ತೋರನ್ನ ಮನಿಗೆ ತರೋ ಪದ್ಧತಿ ನಮ್ಮ ಮನಿತನದಾಗ ಇಲ್ಲ.’

ಒಳಗೆ ಹೋದ. ಬಾಗಿಲು ಹಾಕಿಕೊಂಡ. ಚಿಲಕ ಬಿದ್ದ ಸದ್ದು ಬೀದಿಗೆಲ್ಲ ಕೇಳಿತಂತೆ. ಪದ್ಧತಿ ಬರೀ ನೆಪ. ಗಂಡನ ಹೆಣ ಆ ಪಡಸಾಲೆಯಲ್ಲಿ ಕೂತರೆ ಹೆಂಡತಿ ಊರೆಲ್ಲರ ಎದುರಿಗೆ ಆ ಮನೆಯ ಸೊಸೆಯಾಗಿ ಉಳಿಯುತ್ತಾಳೆ, ನಾಳೆ ಪಾಲು ಕೊಡದೆ ಆಕೆಯನ್ನು ಹೊರಗೆ ಹಾಕಲು ಬರುವುದಿಲ್ಲ. ಅಷ್ಟೇ ಅವನ ಲೆಕ್ಕಾಚಾರ.

‘ನನ್ನ ಕಟ್ಟಿ ಮ್ಯಾಲ ಕುಂದ್ರಸ್ರಿ, ಬಾಬಾ’ ಎಂದು ಮುದುಕಿ ತನ್ನ ಬಳೆಯ ಗಂಟುಗಳನ್ನು ಸರಿಸಿ ಜಾಗ ಮಾಡಿದಳು. ಹಾಲು ಕರೆಯುವ ಹೊತ್ತಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಆ ಮನುಷ್ಯ ಪರರ ಕಟ್ಟೆಯ ಮೇಲೆ, ತನ್ನ ಮನೆಯ ಮುಚ್ಚಿದ ಬಾಗಿಲಿಗೆ ಮುಖಮಾಡಿ ಕೂತಿದ್ದ. ಬಿಸಿಲು ಮೈಮೇಲೆ ಬಂದಾಗ ಅಕ್ಕ ಸೆರಗು ಹಿಡಿದು ನೆರಳು ಮಾಡಿದಳಂತೆ. ಬಾಗಿಲು ತೆರೆಯಲಿಲ್ಲ. ಮಣ್ಣಾದ ಮೇಲೆ ಸಂತೆಕಲ್ಲೂರಿನಿಂದ ಬಂದಿದ್ದ ತವರಿನವರು, ನಡಿ ನಮ್ಮ ಸಂಗಾಟ ಎಂದು ಕರೆದರು. ಅಕ್ಕ ಕಟ್ಟೆ ಬಿಟ್ಟು ಏಳಲಿಲ್ಲ.

‘ಆ ಬಾಗಲಾ ನನ್ನ ಕಣ್ಣ ಮುಂದ ತೆಗೀಬೇಕು. ನನ್ನ ಗಂಡ ಒಳಗ ಹೋಗಿ ಪಡಸಾಲಿಯಾಗ ಕುಂದ್ರಬೇಕು. ಅಲ್ಲೀತನಕ ನಾ ಇಲ್ಲಿಂದ ಏಳಾಕಿ ಅಲ್ಲ.’

ಮಣ್ಣಾದ ಗಂಡ ಒಳಗೆ ಹೋಗಿ ಕೂರುವುದೆಂದರೇನು? ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡು ತವರಿನವರು ಹೋದರು. ಅಕ್ಕ ಅದೇ ಕಟ್ಟೆಯ ಹಿಂದೆ ಒಲೆ ಹೂಡಿದಳು.

ಸೇಡೆಂದರೆ ಕೊಡಲಿ ಎತ್ತುವುದು ಎಂದು ತಿಳಿದವರು ಅಕ್ಕನನ್ನು ನೋಡಬೇಕಿತ್ತು. ಆಕೆ ಎತ್ತಿದ್ದು ರೊಟ್ಟಿಯ ಹಂಚು. ಬಾವ ಹೊರಗೆ ಕಾಲಿಟ್ಟನೋ ಇಲ್ಲವೋ, ಉಣ್ಣುತ್ತಿದ್ದವರೆಲ್ಲ ತಲೆಯೆತ್ತುವಂತೆ ಕೂಗುತ್ತಿದ್ದಳು: ‘ಉಂಡು ಹೋಗ್ರಿ ಬಾವಾರ, ನಿಮ್ಮ ತಮ್ಮನ ಮನಿ!’ ಇದರಲ್ಲಿ ಬೈಗುಳ ಎಲ್ಲಿದೆ? ಪಂಚಾಯಿತಿ ಸೇರಿಸುವಂಥದ್ದೇನಿದೆ? ಊಟಕ್ಕೆ ಕರೆದರೆ ತಪ್ಪೇ? ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ವರ್ಷಗಟ್ಟಲೆ. ಸಾಹುಕಾರ ಮೊದಲು ಬಿರಬಿರನೆ ನಡೆದ. ಆಮೇಲೆ ಬಿಸಿಲಿಲ್ಲದಾಗಲೂ ಛತ್ರಿ ಹಿಡಿದ. ಕಡೆಗೆ, ನಾನು ಮಸ್ಕಿಗೆ ಬರುವ ಮೊದಲೇ, ವಾಸ್ತು ಹೇಳುವವನೊಬ್ಬನನ್ನು ಕರೆಸಿ, ಆ ದಿಕ್ಕಿನ ಬಾಗಿಲು ಮನೆಗೆ ಆಗಿಬರುವುದಿಲ್ಲ ಎಂದು ಹೇಳಿಸಿ, ಮುಂಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿ ಹೊಡೆಸಿದ. ಅದರ ಬೆನ್ನಿಗೆ ಜೋಳದ ಚೀಲ ಒಟ್ಟಿಸಿದ. ಮುಂದೆ ಓಡಾಟವೆಲ್ಲ ಹಿತ್ತಲ ಸಂದಿಯಿಂದ. ಎದುರಿಗೆ ಎಮ್ಮೆ ಬಂದರೆ ಮನುಷ್ಯ ಗೋಡೆಗೆ ಅಂಟಬೇಕಾದಂಥ ಸಂದಿ ಅದು. ಇಸ್ತ್ರಿ ಧೋತರದ ಸಾಹುಕಾರ ಸೆಗಣಿ ತುಳಿಯುತ್ತಾ ಅದರೊಳಗಿಂದ ಹೊರಬೀಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡು ಖುಷಿಪಟ್ಟಿದ್ದೇನೆ.

ಬಾವನ ಬಾಯಿಂದ ಬಂದ ಆ ಇಂಗ್ಲಿಷ್ ಶಬ್ದವನ್ನು ಅಕ್ಕ ಬಿಟ್ಟಿರಲಿಲ್ಲ. ಪರಿಚಯವಾದ ವಾರದಲ್ಲೇ ನನ್ನನ್ನು ಕೇಳಿದಳು: ‘ಟೀಚರಮ್ಮ, ಕ್ಲೋಸ್ ಅಂದ್ರೇನು?’

‘ಹತ್ತಿರ ಅಂತ.’

ಎರಡು ದಿನ ಬಿಟ್ಟು ನನ್ನ ತಾಟಿಗೆ ರೊಟ್ಟಿ ಹಾಕದೆ ನಿಂತಳು. ‘ಸುಳ್ಳ ಹೇಳೀದಿ. ಪೋಸ್ಟಾಫೀಸಿನಾಂವ ಕ್ಲೋಸ್ ಆತು, ನಾಳಿ ಬಾ ಅಂದ. ಹತ್ರ ಆತು ಅಂದನಾ ಆಂವ?’

ಮುಚ್ಚುವುದಕ್ಕೂ ಅದೇ ಶಬ್ದ ಎಂದೆ. ಆಗ ಅಕ್ಕ ನನ್ನ ತಾಟಿಗೆ ರೊಟ್ಟಿ ಹಾಕಿದಳು. ಅಲ್ಲಿಂದ ಮುಂದೆ ಆಕೆಗೆ ಅದೊಂದು ಚಟವಾಯಿತು. ಉಣ್ಣಲು ಬಂದವರ ಬಾಯಲ್ಲಿ ಆ ಶಬ್ದ ಬಿದ್ದರೆ ಸಾಕು, ಹಿಡಿದು ನನ್ನ ಮುಂದೆ ತರುತ್ತಿದ್ದಳು. ಜವಳಗೇರಾದ ಕೂಲಿಯವರು ಕೆನಾಲ್ ಕ್ಲೋಸ್ ಆಗೇತಿ, ನಾಟಿ ಕೆಲಸ ಇಲ್ಲ ಎನ್ನುತ್ತಿದ್ದರು. ಬಾವನ ಗುಮಾಸ್ತ, ಎಮ್ಮೆಲ್ಲೆ ಸಾಹೇಬರು ನಮ್ಮ ಧಣಿಗೆ ಕ್ಲೋಸ್ ಎಂದು ಮೀಸೆ ತಿರುವುತ್ತಿದ್ದ. ಗಂಡನ ಸಾವಿನ ಬಗ್ಗೆ ಅಕ್ಕ ಕೊಟ್ಟ ಅರ್ಜಿ ಏನಾಯಿತೆಂದು ಕೇಳಲು ನಾನು ಆಕೆಯ ಜೊತೆ ಲಿಂಗಸುಗೂರಿಗೆ ಹೋದಾಗ, ಕಚೇರಿಯಲ್ಲಿದ್ದವನು ತಲೆಯೆತ್ತದೆ ‘ಆ ಕೇಸ್ ಕ್ಲೋಸ್ ಆಗಿ ಎಷ್ಟೋ ದಿನ ಆತು’ ಎಂದ. ವಾಪಸು ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿಯ ಕಡೆ ಮುಖಮಾಡಿ ಹೇಳಿದಳು:

‘ಇಂಗ್ಲೀಷಿನೋರಿಗೆ ನಮ್ಮ ಬಾವ ಗೊತ್ತಿದ್ದ ಅನಸ್ತೈತಿ. ಹತ್ರ ಇದ್ದಾಂವನೇ ಮುಚ್ಚತಾನ ಅಂತ ತಿಳಕೊಂಡು ಎರಡಕ್ಕೂ ಒಂದ ಮಾತು ಇಟ್ಟಾರ. ದೂರದ ಬೆಟ್ಟ ನುಣ್ಣಗ ಇರ್ತೈತಿ, ಅದ್ಯಾಕ ನಿನಗ ಬಾಗಲಾ ಹಾಕ್ತೈತಿ?’

ಅಕ್ಕನ ಬಳಿ ಗಂಡನ ಫೋಟೋ ಇರಲಿಲ್ಲ. ಮದುವೆಯಲ್ಲಿ ತೆಗೆದ ಒಂದು ಗುಂಪಿನ ಫೋಟೋ ಮಾತ್ರ ಇತ್ತು. ಅದರಲ್ಲಿ ಅಣ್ಣತಮ್ಮ ಒತ್ತಾಗಿ ನಿಂತಿದ್ದರು, ಅಣ್ಣನ ಬಲಗೈ ತಮ್ಮನ ಹೆಗಲ ಮೇಲೆ. ಅದನ್ನು ದೊಡ್ಡದು ಮಾಡಿಸಲು ಇಬ್ಬರೂ ಸಿಂಧನೂರಿನ ಸ್ಟುಡಿಯೋಕ್ಕೆ ಹೋದೆವು.

‘ಕ್ಲೋಸಪ್ ಮಾಡತೀನಿ ಅಕ್ಕಾರ’ ಎಂದ ಫೋಟೋದವನು. ‘ಬಾಜೂಕ ಇದ್ದೋರನ್ನ ತೆಗದು ಹಾಕಬೇಕು. ಹೆಗಲ ಮ್ಯಾಲಿನ ಕೈಯನ್ನೂ ಬಣ್ಣ ಹಚ್ಚಿ ಅಳಿಸಿಬಿಡತೀನಿ, ಗೊತ್ತಾಗಂಗಿಲ್ಲ.’

‘ಮನಿಷ್ಯಾನ ತೆಗಿ. ಕೈ ಇರಲಿ.’

‘ಬರೇ ಕೈ ಕೆಟ್ಟ ಕಾಣ್ತೈತ್ರಿ.’

‘ಕೆಟ್ಟ ಕಾಣಬೇಕು ಅಂತನ ಹೇಳಾಕತ್ತೀನಿ.’

ಕಟ್ಟು ಹಾಕಿಸಿದ ಆ ಫೋಟೋ ಖಾನಾವಳಿಯ ಗೋಡೆಯ ಮೇಲೆ ಬಂತು. ನಗುವ ತಮ್ಮ, ಅವನ ಹೆಗಲ ಮೇಲೆ ಉಂಗುರ ತೊಟ್ಟ, ಒಡೆಯನಿಲ್ಲದ ಒಂದು ಕೈ. ನೋಡಿದವರಿಗೆ ಮುಜುಗರವಾಗುತ್ತಿತ್ತು. ನಾನೇ ಒಮ್ಮೆ ಕೇಳಿದೆ, ಯಾಕೆ ಉಳಿಸಿಕೊಂಡೆ ಎಂದು. ‘ಹೊಟ್ಟಿ ತುಂಬಿದ ಮ್ಯಾಲ ಸಿಟ್ಟಿಗೆ ನಿದ್ದಿ ಬರ್ತೈತಿ ಟೀಚರಮ್ಮ. ಆ ಕೈ ಎಬ್ಬಸ್ತೈತಿ’ ಎಂದಳು. ಕ್ಷಮಿಸು ಎಂದು ಆಕೆಗೆ ನಾನು ಎಂದೂ ಹೇಳಲಿಲ್ಲ. ಹೇಳುವ ಮನಸ್ಸೂ ನನಗಿರಲಿಲ್ಲ.

ಬಾವನ ಹೆಂಡತಿ, ಅಂದರೆ ಅಕ್ಕನ ನೆಗೆಣ್ಣಿ, ಆಗೀಗ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಲು ಬರುತ್ತಿದ್ದಳು. ಹಾಕಿದ ಮೇಲೂ ತುಸು ಹೊತ್ತು ಅಂಚಿನಲ್ಲಿ ನಿಂತು ನಮ್ಮ ಕಡೆ ನೋಡುತ್ತಿದ್ದಳು. ಅಕ್ಕ ತಲೆಯೆತ್ತುತ್ತಿರಲಿಲ್ಲ. ‘ಆಕಿನೂ ಆ ಮನಿಯಾಕಿನ’ ಎಂದು ಹಿಟ್ಟಿಗೆ ಬಿಸಿನೀರು ಸುರಿಯುತ್ತಿದ್ದಳು.

ಹೀಗೇ ವರ್ಷಗಳು ಹೋದವು. ತೊಂಬತ್ತರ ದಶಕ ಅರ್ಧ ದಾಟಿದ ಮೇಲೆ ಒಂದು ಬೇಸಿಗೆಯ ಬೆಳಿಗ್ಗೆ ಸಿಂಧನೂರಿನಿಂದ ಸುದ್ದಿ ಬಂತು. ಎದೆನೋವೆಂದು ಅಲ್ಲಿಯ ಆಸ್ಪತ್ರೆ ಸೇರಿದ್ದ ಸಾಹುಕಾರ ತೀರಿಕೊಂಡಿದ್ದಾನೆ, ಹೆಣ ಜೀಪಿನಲ್ಲಿ ಬರುತ್ತಿದೆ. ಅವನೂ ಹೊರಗೇ ಸತ್ತಿದ್ದ. ನಾನು ಶಾಲೆಗೆ ರಜೆ ಚೀಟಿ ಕಳಿಸಿ ಕಟ್ಟೆಯ ಮೇಲೆ ಅಕ್ಕನ ಪಕ್ಕದಲ್ಲಿ ಕೂತೆ. ಇದನ್ನು ತಪ್ಪಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಸಾಹುಕಾರನ ಅಳಿಯ ಮುಂದಾಗಿ ನಿಂತು ಎಲ್ಲವನ್ನೂ ಮಾಡಿಸುತ್ತಿದ್ದ. ದೊಡ್ಡ ಮನುಷ್ಯರು, ಪಡಸಾಲೆಯಲ್ಲೇ ಕೂರಿಸಬೇಕು ಎಂದ. ಹೊರಗೆ ಸತ್ತವರನ್ನು ಒಳಗೆ ತರುವ ಪದ್ಧತಿ ಈ ಮನೆತನದಲ್ಲಿ ಇಲ್ಲವಲ್ಲ ಎಂದು ಯಾರೋ ನೆನಪಿಸಿದರು. ‘ಅವೆಲ್ಲ ಹಳೇ ಕಾಲದ್ದು, ಈಗ ಯಾರ ನೋಡ್ತಾರ’ ಎಂದ ಅಳಿಯ. ಅಕ್ಕನ ಕೈಯಲ್ಲಿದ್ದ ಹಿಟ್ಟಿನ ಉಂಡೆ ಪರಾತದಲ್ಲಿ ಬಿತ್ತು.

ತೊಡಕು ಬಂದದ್ದು ವಿಮಾನದಿಂದ. ಹಿತ್ತಲ ಸಂದಿಯಲ್ಲಿ ಬರೀ ವಿಮಾನವೇ ನುಗ್ಗುವಂತಿರಲಿಲ್ಲ, ಇನ್ನು ಕೂತ ಹೆಣವನ್ನು ಹೊತ್ತು ಹೊರಡುವುದೆಲ್ಲಿ? ಮುಂಬಾಗಿಲನ್ನೇ ತೆಗೆಯಬೇಕಾಯಿತು. ಅದು ತೆಗೆದರೆ ತಾನೇ! ಒಳಗಿನ ಚೀಲ ಸರಿಸಿ, ಪಟ್ಟಿ ಕಿತ್ತರೂ ಮರ ಉಬ್ಬಿ ಚೌಕಟ್ಟನ್ನು ಕಚ್ಚಿ ಹಿಡಿದಿತ್ತು. ಅಷ್ಟರಲ್ಲಿ ಜೀಪು ಬಂತು. ಆ ಮನೆಯ ಮುಂದೆಲ್ಲ ಚೀಲ, ಹಲಗೆ, ಹಾರೆ ಹಿಡಿದ ಆಳುಗಳು. ಹೆಣವನ್ನು ಬಿಸಿಲಿನಲ್ಲಿ ಎಲ್ಲಿ ಇಳಿಸುವುದು ಎಂದು ಹೊತ್ತವರು ಕಕ್ಕಾಬಿಕ್ಕಿಯಾದರು.

ಅಕ್ಕ ಎದ್ದು ಕಟ್ಟೆ ಗುಡಿಸಿದಳು. ‘ಇಲ್ಲಿ ಕುಂದ್ರಸ್ರಿ. ಈ ಮನಿತನದೋರು ಕುಂದ್ರೋ ಜಾಗಾನ ಐತಿ ಇದು.’

ಕೂರಿಸಿದರು. ತಮ್ಮ ಕೂತಲ್ಲೇ ಅಣ್ಣ ಕೂತ, ಅದೇ ಬಾಗಿಲಿಗೆ ಮುಖಮಾಡಿ. ನಾನು ಆ ಮುಖವನ್ನು ಬೇಕೆಂದೇ ಹತ್ತಿರದಿಂದ ನೋಡಿದೆ. ಆಚೆ ಹಾರೆಯ ಏಟು ಬೀಳುತ್ತಲೇ ಇತ್ತು. ಕಡೆಗೆ ಚೌಕಟ್ಟು ಸೀಳಿ, ಕದ ಕಿರುಗುಟ್ಟುತ್ತಾ ಒಳಸರಿಯಿತು. ಪಡಸಾಲೆಯ ಕತ್ತಲೆಗೆ ಬೆಳಕು ಬಿತ್ತು. ಎಲ್ಲರೂ ಹೆಣ ಎತ್ತಲು ಕಟ್ಟೆಯ ಕಡೆ ತಿರುಗಿದರು.

ಅಷ್ಟರಲ್ಲಿ ಅಕ್ಕ ಗೋಡೆಯ ಮೇಲಿನ ಫೋಟೋ ಇಳಿಸಿ ಎದೆಗವಚಿಕೊಂಡು ಬೀದಿ ದಾಟುತ್ತಿದ್ದಳು. ನಾನು ಹಿಂದೆಯೇ ಹೋದೆ. ಆಕೆ ಮೆಟ್ಟಿಲು ಹತ್ತಿ, ಮುರಿದ ಹಲಗೆಗಳನ್ನು ದಾಟಿ, ಪಡಸಾಲೆಯ ನಟ್ಟನಡುವೆ ಹೆಣಕ್ಕೆಂದು ಹಾಸಿದ್ದ ಕಂಬಳಿಯ ಮೇಲೆ ಫೋಟೋವನ್ನು ಗೋಡೆಗೆ ಆನಿಸಿ ಕೂರಿಸಿದಳು. ತಾಟಿನಲ್ಲಿದ್ದ ವಿಭೂತಿ ತೆಗೆದು ಗಂಡನ ಹಣೆಗೆ ಗಾಜಿನ ಮೇಲೆಯೇ ಹಚ್ಚಿದಳು. ಪಕ್ಕದಲ್ಲಿ ಕೂತು ತಾನೇ ಭಜನೆ ಶುರುಮಾಡಿದಳು. ನನಗೆ ಹಾಡು ಬರುವುದಿಲ್ಲ. ತಾಳ ಹಾಕಿದೆ.

‘ಏನವಾ ಇದು?’ ಎಂದು ಓಣಿಯ ಹಿರಿಯರೊಬ್ಬರು ಒಳಗೆ ಬಂದರು. ‘ಹೆಣ ಹೊರಗ ಕಾಯಾಕತ್ತೈತಿ.’

‘ಇವ್ರು ಮೊದಲ ಬಂದೋರು. ಇವ್ರದು ಮುಗೀಲಿ.’

‘ಎಷ್ಟೊತ್ತಿಗೆ ಮುಗೀತೈತಿ?’

‘ಆವತ್ತು ಎಷ್ಟೊತ್ತಿಗೆ ಮುಗದಿತ್ತು? ದೀಪಾ ಹಚ್ಚೋ ಹೊತ್ತಿಗೆ.’

‘ಸತ್ತ ಮ್ಯಾಲ ಎಂಥಾ ಹಗಿ, ತಂಗಿ?’

‘ನನ್ನ ಗಂಡ ಸತ್ತ ಮ್ಯಾಲೇ ಅಲ್ರೀ ಯಜಮಾನ್ರ, ಬಾಗಲಾ ಹಾಕಿದ್ದು?’

ಹಿರಿಯರು ನನ್ನ ಕಡೆ ತಿರುಗಿದರು. ‘ನೀವು ಓದಿದೋರು. ಆಕಿಗೆ ಬಾಳ ಕ್ಲೋಸ್ ಅದೀರಿ. ನೀವರ ಹೇಳ್ರಿ ಮೇಡಂ.’

‘ಕ್ಲೋಸ್ ಇದ್ದೀನಿ ಅಂತನ ಹೇಳೋದಿಲ್ಲ’ ಎಂದು ತಾಳ ಮುಂದುವರಿಸಿದೆ.

ಅಳಿಯನಿಗೆ ತಾಳ್ಮೆ ಕೆಟ್ಟಿತು. ಫೋಟೋವನ್ನು ಎತ್ತಿ ಬಿಸಾಡುವವನಂತೆ ಬಗ್ಗಿದ. ಆಗ ಒಳಗಿನ ಬಾಗಿಲಿನಿಂದ ನೆಗೆಣ್ಣಿ ಬಂದಳು. ಕಣ್ಣು ಫೋಟೋದ ಮೇಲೆ ಬಿತ್ತು. ಹೆಗಲ ಮೇಲಿನ ಕೈಯನ್ನು, ಅದರ ಉಂಗುರವನ್ನು ನೋಡುತ್ತಾ ನಿಂತಳು. ಗಂಡನ ಕೈ ಅವಳಿಗೆ ಗುರುತು ಸಿಗದೆ ಇದ್ದೀತೇ? ಆಮೇಲೆ ಅಳಿಯನನ್ನು ಪಕ್ಕಕ್ಕೆ ಸರಿಸಿದಳು.

‘ಕಾಯಲಿ’ ಎಂದಳು.

‘ಅತ್ತಿ...’

‘ಕಾಯಲಿ ಅಂದೆ. ಆವತ್ತು ಚಿಲಕಾ ಬಿದ್ದಾಗ ನಾ ಇದ ಪಡಸಾಲಿಯಾಗ ನಿಂತಿದ್ದೆ. ತೆಗೀತೀನಿ ಅಂದಿದ್ದಕ್ಕ ಕೈ ತಿರುವಿದ್ರು. ಮೈದುನ ಬಿಸಿಲಾಗ ದಿನಾಪೂರ್ತಿ ಕುಂತ. ಆಮ್ಯಾಲ ಈ ಬಾಗಲಾ ಮುಚ್ಚಿಸಿ ನನಗೂ ಬೀದಿ ಇಲ್ಲದಂಗ ಮಾಡಿದ್ರು. ಈಗ ಅವರೂ ಒಂದಿನ ಕಾಯಲಿ.’

ಇಷ್ಟು ಹೇಳಿ ಅಕ್ಕನ ಆಚೆಬದಿಗೆ ಕೂತಳು. ಅಕ್ಕ ಮೊದಲ ಸಲ ಆಕೆಯ ಮುಖ ನೋಡಿದಳು. ತಬ್ಬಿಕೊಂಡು ಅತ್ತರೆಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಅಳಲಿಲ್ಲ. ಅಕ್ಕ ತುಸು ಸರಿದು ಕಂಬಳಿಯಲ್ಲಿ ಜಾಗ ಮಾಡಿದಳು, ಅಷ್ಟೇ. ಮನೆಯೊಡತಿಯೇ ಹೂಂ ಅಂದ ಮೇಲೆ ಮಿಕ್ಕವರು ಏನು ಮಾಡಿಯಾರು? ಮಣ್ಣಿಗೆ ಬಂದ ಮಂದಿ ಕಟ್ಟೆಯ ಮೇಲಿನ ಸಾಹುಕಾರನಿಗೊಮ್ಮೆ, ಪಡಸಾಲೆಯ ತಮ್ಮನಿಗೊಮ್ಮೆ ಕೈಮುಗಿದರು. ಮಧ್ಯಾಹ್ನ ಬಿಸಿಲು ಕಟ್ಟೆಗೆ ಬಂದಾಗ ಅಳಿಯ ಹಳೆಯ ಛತ್ರಿಯೊಂದನ್ನು ಹುಡುಕಿ ತಂದು ಹಿಡಿದ. ಸಾಹುಕಾರನದೇ ಛತ್ರಿ ಅದು. ಅಕ್ಕ ಅದನ್ನು ಒಳಗಿನಿಂದಲೇ ನೋಡಿದಳು, ಭಜನೆಯ ಒಂದು ಸಾಲೂ ತಪ್ಪಲಿಲ್ಲ.

ಬೀದಿಯಲ್ಲಿ ದೀಪ ಹತ್ತಿದವು. ಅಕ್ಕ ಎದ್ದು ಫೋಟೋ ಎತ್ತಿಕೊಂಡಳು. ‘ಆತು, ಈಗ ತರ್ರಿ’ ಎಂದಳು. ಮೆಟ್ಟಿಲು ಇಳಿದು, ಬೀದಿ ದಾಟಿ, ಕಟ್ಟೆಯ ಹತ್ತಿರ ಬಂದು ಹೆಣದ ಎದುರು ನಿಂತಳು. ಎಂದಿನ ಗಟ್ಟಿ ದನಿಯಲ್ಲೇ ಹೇಳಿದಳು:

‘ಉಂಡು ಹೋಗ್ರಿ ಬಾವಾರ, ನಿಮ್ಮ ತಮ್ಮನ ಮನಿ.’

ಒಳಗೆ ಹೋಗಿ ಖಾನಾವಳಿಯ ಬಾಗಿಲು ಹಾಕಿಕೊಂಡಳು. ಅಷ್ಟು ವರ್ಷಗಳಲ್ಲಿ ಅದು ಆ ಹೊತ್ತಿಗೆ ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಹತ್ತಿರದವರು ಬುತ್ತಿ ಒಯ್ಯಬೇಕು. ಅಕ್ಕ ಆ ಸಂಜೆ ಕಟ್ಟಿದ್ದು ಒಬ್ಬರಿಗೆ ಆಗುವಷ್ಟು ಬುತ್ತಿ. ನನ್ನ ಕೈಲಿ ಕೊಟ್ಟು, ‘ನೆಗೆಣ್ಣಿಗೆ ಅಷ್ಟ. ಅಳಿಯ ಉಪವಾಸ ಇರಲಿ’ ಎಂದಳು.

ಮರುದಿನ ಊಟಕ್ಕೆ ಹೋದಾಗ ಅಕ್ಕ ಒಲೆಯನ್ನು ಗೋಡೆಯ ಕಡೆಗೆ ಸರಿಸಿಕೊಂಡು, ಬೀದಿಗೆ ಬೆನ್ನುಹಾಕಿ ಕೂತಿದ್ದಳು. ಎದುರುಮನೆಯ ಚೌಕಟ್ಟು ಸೀಳಿದ್ದರಿಂದ ಆ ಕದಗಳು ಇನ್ನು ಮುಚ್ಚುವಂತಿರಲಿಲ್ಲ. ಹಗಲು ಬೆಳಕಿನಲ್ಲಿ ಪಡಸಾಲೆಯೆಲ್ಲ ಕಾಣುತ್ತಿತ್ತು.

‘ಇದೇನಕ್ಕ, ಬಾಗಲಾ ತೆಗದೈತಿ, ನೀ ಈ ಕಡೆ ತಿರಗಿದಿ?’

ಅಕ್ಕ ಅಂಗೈ ನಿಲ್ಲಿಸಿ ನನ್ನನ್ನು ನೋಡಿದಳು. ಆಮೇಲೆ ಪರಾತದಲ್ಲಿದ್ದ ರೊಟ್ಟಿಯ ಮೇಲೆ ಕಣ್ಣಿಟ್ಟು ಬಡಿಯತೊಡಗಿದಳು.

‘ತೆಗದ ಬಾಗಲದಾಗ ನೋಡೋದೇನೈತಿ ಟೀಚರಮ್ಮ?’ ಎಂದಳು. ‘ತಾಟ ತಗೋ, ರೊಟ್ಟಿ ಆರ್ತಾವ.’